ಜಗಳಕ್ಕೆ ಜೊತೆ

ಡ್ರೈವರ್ ಕೆಲಸದಿಂದ ನಿವೃತ್ತನಾದ ಅಪ್ಪನಿಗೆ ಉಳಿದಿದ್ದವನು ಒಬ್ಬನೇ ಗೆಳೆಯ, ಅವನ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದವನು. ದಿನಾ ಸಂಜೆ ಬರುತ್ತಿದ್ದ, ಬಂದವನೇ ಜಗಳ ತೆಗೆಯುತ್ತಿದ್ದ. ಎಂದೋ ರಿವರ್ಸ್ ತೆಗೆಯುವಾಗ ಬಸ್ಸು ಗೋಡೆಗೆ ಗುದ್ದಿದ್ದು ಬ್ರೇಕಿನ ತಪ್ಪೋ ಸೀಟಿಯ ತಪ್ಪೋ ಎಂಬುದು ಇನ್ನೂ ಬಗೆಹರಿದಿರಲಿಲ್ಲ.

ಅಪ್ಪನಿಗೆ ಬಿಪಿ ಏರಿದಾಗ ಡಾಕ್ಟರು ಉದ್ವೇಗ ಬೇಡವೇ ಬೇಡ ಎಂದರು. ಮಗಳಿಗೆ ಅಷ್ಟೇ ಸಾಕಾಯಿತು. ಕಂಡಕ್ಟರನನ್ನು ಬಾಗಿಲಲ್ಲೇ ತಡೆದು, ಸ್ವಲ್ಪ ದಿನ ಬರಬೇಡಿ ಎಂದಳು. ಅವನು ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿ ಹೊರಟುಹೋದ.

ಮನೆ ತಣ್ಣಗಾಯಿತು, ಅಪ್ಪನೂ ತಣ್ಣಗಾದ. ಶುರುವಾಗಿದ್ದೇ ಅಲ್ಲಿಂದ ತಾಪತ್ರಯ. ಊಟಕ್ಕೆ ಕರೆದರೆ ಎರಡು ತುತ್ತು, ವಾಕಿಂಗ್ ಎಂದರೆ ಮಂಡಿನೋವು. ದಿನವಿಡೀ ಬೇಕರಿಯಲ್ಲಿ ಕೇಕಿಗೆ ಕ್ರೀಮು ಹಚ್ಚಿ ಕೈ ಸೋತು ಬಂದವಳು, ಮಗುವನ್ನು ರಮಿಸಿದಂತೆ ಅವನನ್ನು ರಮಿಸಬೇಕು. ಒಂದು ಮಾತ್ರೆ ತಪ್ಪದಿದ್ದರೂ ಬಿಪಿ ಜಪ್ಪಯ್ಯ ಎನ್ನಲಿಲ್ಲ. ಡಾಕ್ಟರು ಮಾತ್ರೆ ಬದಲಿಸಿ, ಇವರ ಜೊತೆ ಮಾತಾಡೋರು ಯಾರಾದರೂ ಇದ್ದಾರಾ ಎಂದು ವಿಚಾರಿಸಿದರು. ಅವಳಿಗೆ ಮೈಯೆಲ್ಲ ಉರಿಯಿತು. ಇದ್ದವನನ್ನು ಓಡಿಸಿದ್ದು ಇವರ ಮಾತು ಕೇಳಿಯೇ ಅಲ್ಲವೇ?

ಆಸ್ಪತ್ರೆಯಿಂದ ನೇರ ಕಂಡಕ್ಟರನ ಕೋಣೆಗೆ ಹೋದಳು. ಅವನೋ, ಗಡ್ಡ ಬಿಟ್ಟುಕೊಂಡು ಹಾಡುಹಗಲೇ ಹೊದ್ದು ಮಲಗಿದ್ದ. ಒಲೆ ಹಚ್ಚಿದ ಗುರುತಿರಲಿಲ್ಲ.

"ನಿಮಗೇನಾಯ್ತು ಮಾವ?"

"ಏನಾಗುತ್ತೆ? ಬರಬೇಡಿ ಅಂದೆ, ಬರಲಿಲ್ಲ."

"ಈಗ ಬನ್ನಿ ಅಂತಿದೀನಲ್ಲ."

"ತಪ್ಪು ಬ್ರೇಕಿಂದೇ ಅಂತ ನಿಮ್ಮಪ್ಪ ಒಪ್ಪಿಕೊಳ್ಳಲಿ. ಆಮೇಲೆ ನೋಡೋಣ."

ಹಣೆ ಹಣೆ ಚಚ್ಚಿಕೊಳ್ಳುವಂತಾಯಿತು. ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಅಪ್ಪನ ಕಿವಿಗೆ ಹಾಕಿದಳು. ಎಬ್ಬಿಸಿದರೂ ಏಳದಿದ್ದವನು ತಾನೇ ಎದ್ದು ನಿಂತ.

"ನನ್ನ ಅಂಗಿ ಎಲ್ಲಿ? ಅವನು ಯಾವತ್ತು ನೆಟ್ಟಗೆ ಸೀಟಿ ಊದಿದ್ದ?"

ಮಂಡಿನೋವು ಯಾವ ದಿಕ್ಕಿಗೆ ಹೋಯಿತೋ. ಹಿಡಿಯಲು ಹೋದ ಮಗಳ ಕೈ ಕೊಡವಿಕೊಂಡು ಎರಡು ಬೀದಿ ನಡೆದ. ಕಂಡಕ್ಟರನ ಕೋಣೆಯಲ್ಲಿ ಹತ್ತಿಕೊಂಡ ಜಗಳ ಕೇಳಿ ಕೆಳಗಿನಿಂದ ಮನೆ ಮಾಲೀಕನೇ ಓಡಿಬಂದ. ಅವನಿಗೆ ಸಮಜಾಯಿಷಿ ಹೇಳುವ ಕರ್ಮವೂ ಅವಳದ್ದೇ ಆಯಿತು. ತಿರುಗಿ ನೋಡಿದರೆ ಒಬ್ಬ ಬೈಯುತ್ತಲೇ ಚಹಾ ಕಾಸುತ್ತಿದ್ದ, ಇನ್ನೊಬ್ಬ ಬೈಯುತ್ತಲೇ ಬಿಸ್ಕತ್ತಿನ ಪೊಟ್ಟಣ ಖಾಲಿ ಮಾಡುತ್ತಿದ್ದ.

ಮುಂದಿನ ತಪಾಸಣೆಯ ಹೊತ್ತಿಗೆ ಬಿಪಿ ಇಳಿದಿತ್ತು. ಡಾಕ್ಟರು ಹೊಸ ಮಾತ್ರೆಯನ್ನು ಬಾಯ್ತುಂಬ ಹೊಗಳಿದರು. ಅವರಿಗೆ ಬಿಡಿಸಿ ಹೇಳುವಷ್ಟು ತಾಳ್ಮೆ ಮಗಳಲ್ಲಿ ಉಳಿದಿರಲಿಲ್ಲ. ಹೊರಗಿನ ಬೆಂಚಿನಲ್ಲಿ ಇಬ್ಬರೂ ಯಾರ ಬಿಪಿ ಕಡಿಮೆ ಎಂದು ಕಿತ್ತಾಡುತ್ತಿದ್ದರು. ಈ ಮುದುಕರ ಕಡೆಯವರು ಯಾರು ಎಂದು ನರ್ಸು ಗದರುತ್ತಿದ್ದಳು.