ಅಣಕದ ಸೊಣ್ಣಪ್ಪನ ನಡುಕ

ಪೀಣ್ಯದಲ್ಲಿ ಸೊಣ್ಣಪ್ಪನ ಬಾಯಿಗೆ ಸಿಗದ ಮನುಷ್ಯನೂ ಇರಲಿಲ್ಲ, ಮಷೀನೂ ಇರಲಿಲ್ಲ. ಲೇತು ಕಬ್ಬಿಣ ಕೆರೆಯುವಾಗ ಹಲ್ಲು ಜುಮ್ಮೆನ್ನಿಸುವ ಸದ್ದು, ಸಂಜೆಯ ಸೈರನ್ನು, ಮಾಲು ನೋಡಲು ಬಂದ ಸಾಹೇಬರು ಕಾಫಿ ಬರುವ ತನಕ ಕೆಮ್ಮುವ ಕೆಮ್ಮು, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಹನುಮಂತರಾಯಪ್ಪನ ವರ್ಕ್‌ಶಾಪಿನ ಪಿಕಪ್ ಓಡಿಸುವುದು ಅವನ ಹೊಟ್ಟೆಪಾಡು. ಉಳಿದವರ ಹೊಟ್ಟೆ ಹುಣ್ಣಾಗಿಸುವುದು ಚಟ.

ಒಂದೇ ಒಂದು ದನಿ ಮಾತ್ರ ನಿಷೇಧ. ಹನುಮಂತರಾಯಪ್ಪನ ತಂದೆ ಚಿಕ್ಕಬೈರಪ್ಪನದು. ಈಗ ಲೇತು ನಿಂತಿರುವ ಜಾಗ ರಾಗಿ ಹೊಲವಾಗಿದ್ದ ಕಾಲದಲ್ಲಿ, ಯಜಮಾನನಿಗೂ ಸೊಣ್ಣಪ್ಪನಿಗೂ ಒಟ್ಟಿಗೆ ಎತ್ತಿನ ಗಾಡಿ ಹೊಡೆಯಲು ಕಲಿಸಿದವನು ಅವನೇ. ಎತ್ತು ಬೆದರಿ ಓಡಿದಾಗ ಹುಡುಗರು ಹಗ್ಗ ಬಿಗಿದು ಜಗ್ಗಿದರೆ ಮುದುಕ ಬದುವಿನ ಮೇಲೆ ನಿಂತು ಮಗನಿಗೆ ಕೂಗಿ ಹೇಳುತ್ತಿದ್ದ: "ಓ... ಹೋ... ಅಗ್ಗ ಸಡ್ಲ ಬುಡ್ಲಾ, ರಾಯಾ. ದನ ತಾನೇ ನಿಂತ್ಕತದೆ." ಮುದುಕ ತೀರಿಹೋದ ವರ್ಷ, ಒಂದು ಮಧ್ಯಾಹ್ನ ಸೊಣ್ಣಪ್ಪ ತಮಾಷೆಗೆ ಆ ಕೂಗು ಹಾಕಿದ. ಶೆಡ್ಡಿಗೆ ಅಂಟಿಕೊಂಡೇ ಇದ್ದ ಮನೆಯಿಂದ ಹನುಮಂತರಾಯಪ್ಪನ ತಾಯಿ ನಾಗಲಕ್ಷ್ಮಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತ ಬಾಗಿಲಿಗೆ ಬಂದು ತೀರಿಹೋದ ಗಂಡನನ್ನು ಹುಡುಕಿದಳು. ಹನುಮಂತರಾಯಪ್ಪ ಸೊಣ್ಣಪ್ಪನ ಕತ್ತಿನ ಪಟ್ಟಿ ಹಿಡಿದು, "ಇನ್ನೊಂದ್ ಕಿತ ನಮ್ಮಪ್ಪನ ದನಿ ನಿನ್ ಬಾಯಾಗೆ ಬಂದ್ರೆ ಆ ಬಾಯೇ ಇರಾಕಿಲ್ಲ" ಎಂದಿದ್ದ. ಅಂದಿನಿಂದ ಆ ದನಿಗೆ ಬೀಗ.

ಇಂಥ ಸೊಣ್ಣಪ್ಪ, ಆಯುಧಪೂಜೆಗೆ ಇನ್ನೇನು ವಾರವಿದೆ ಎನ್ನುವಾಗ, ನೆಲಮಂಗಲದಲ್ಲಿ ಮಾಲು ಇಳಿಸಿ ಖಾಲಿ ಗಾಡಿಯಲ್ಲಿ ವಾಪಸು ಬರುತ್ತಿದ್ದ. ತುಮಕೂರು ರಸ್ತೆ ಅಲ್ಲೊಂದು ಕಡೆ ಇಳಿಜಾರಾಗಿ, ಕೆಳಗೆ ಒಂದು ಮೋರಿ ದಾಟುತ್ತದೆ. ಮೋರಿಯ ಮೇಲೆ ಟಾರು ಕಿತ್ತು ಒಂದು ಅಡ್ಡ ದಿಂಡು ಎದ್ದಿತ್ತು. ವೇಗದ ಮುಳ್ಳು ಅರವತ್ತರ ಹತ್ತಿರ ಆಡುತ್ತಿತ್ತು. ಮುಂದಿನ ಚಕ್ರ ದಿಂಡಿಗೆ ತಗುಲಿದ್ದೇ ತಡ, ಸ್ಟೇರಿಂಗು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಆಮೇಲೆ ಎಡಬಲಗಳ ಲೆಕ್ಕ ತಪ್ಪಿಸಿ ಒದರತೊಡಗಿತು. ಹಿಡಿದ ಕೈಗಳು ಭುಜದಿಂದ ಕಳಚಿ ಬೀಳುವ ಹಾಗೆ. ಬಾನೆಟ್ಟು ಕುಣಿಯಿತು, ಬಾಗಿಲು ಕಟಕಟಿಸಿತು, ಬಾಯೊಳಗಿನ ಎಲೆಅಡಿಕೆ ಎದೆಯ ಮೇಲೆ ಬಿತ್ತು. ಎದುರಿಗೆ ಬರುತ್ತಿದ್ದ ಲಾರಿಯವನು ದೀಪ ಮಿಟುಕಿಸುತ್ತ ಮಣ್ಣಿಗಿಳಿದ. ಕೈಹಿಡಿದು ನಡೆಸಬೇಕಾದ ಗಾಡಿ ಕೈಕೊಟ್ಟು ನಿಂತಿತ್ತು. ನಿಂತಿದ್ದರಾದರೂ ಚೆನ್ನಾಗಿತ್ತು, ಓಡುತ್ತಿತ್ತು. ಬ್ರೇಕು ಒತ್ತಿದರೆ ಒದೆತ ಇನ್ನೂ ಹೆಚ್ಚಾಯಿತು. ಕೊನೆಗೆ ಅವನ ಕಾಲು ಸೋತು ತಾನಾಗಿ ಮೇಲೆದ್ದಿತು, ಕೈ ಸೋತು ಸಡಿಲವಾಯಿತು. ಆಗ ವೇಗ ಇಳಿದು, ನಡುಕವೂ ಇಳಿದು, ಗಾಡಿ ಹುಣಸೆಮರವೊಂದರ ಪಕ್ಕದಲ್ಲಿ ಏನೂ ಆಗದ ಹಾಗೆ ನಿಂತಿತು.

ವರ್ಕ್‌ಶಾಪಿಗೆ ಬಂದು ಇದನ್ನೆಲ್ಲ ಹೇಳಿದ. ಹೇಳಿದ ಅಂದರೆ, ಸೊಣ್ಣಪ್ಪನಿಗೆ ಬರೀ ಬಾಯಲ್ಲಿ ಹೇಳಿ ಅಭ್ಯಾಸವೇ ಇಲ್ಲ. ಮುದ್ದೆ ತಟ್ಟೆಯನ್ನೇ ಸ್ಟೇರಿಂಗು ಮಾಡಿಕೊಂಡು, ಕೈ, ಕತ್ತು, ಕೆನ್ನೆ ಎಲ್ಲವನ್ನೂ ಅಲುಗಿಸಿ, ಬಾಗಿಲಿನ ಕಟಕಟವನ್ನು ನಾಲಗೆಯಲ್ಲಿ ನುಡಿಸಿ ತೋರಿಸಿದ. ಲೇತಿನ ಗೋಪಾಲಪ್ಪ ನಕ್ಕೂ ನಕ್ಕೂ ನೆತ್ತಿಗೆ ಹತ್ತಿಸಿಕೊಂಡ.

"ಇನ್ನೊಂದ್ಸಲ ಮಾಡು ಗುರು, ಆ ಲಾರಿಯವ್ನದ್ದು ಸರಿಯಾಗಿ ನೋಡ್ಲಿಲ್ಲ."

"ತಮಾಷೆ ಅಲ್ಲ ಕಣೋ ಗೋಪಾಲ. ಸತ್ತೇ ಓಗಿದ್ದೆ."

"ಹಾಂ, ಹಾಂ, ಅದೇ ಮುಖ. ಆ ಮುಖ ಅಂಗೇ ಇಟ್ಕೊ."

ಎಲ್ಲರೂ ಚಪ್ಪಾಳೆ ತಟ್ಟಿದರು. ಜೀವಮಾನದಲ್ಲಿ ಮೊದಲ ಸಲ ಚಪ್ಪಾಳೆ ಕೇಳಿ ಸೊಣ್ಣಪ್ಪನಿಗೆ ಅಳು ಬಂತು. ಅದನ್ನೂ ಅವರು ಅಣಕವೆಂದೇ ತಿಳಿದರು.

ನಗದೆ ಕೂತಿದ್ದವನು ಹನುಮಂತರಾಯಪ್ಪ ಒಬ್ಬನೇ. ಅದಕ್ಕೆ ಕಾರಣವಿತ್ತು. ಪಿಕಪ್ಪಿನ ಮುಂದಿನ ಚಕ್ರಗಳು ಯಾವ ಪಿನ್ನಿನ ಮೇಲೆ ತಿರುಗುತ್ತವೋ ಅದಕ್ಕೆ ಕಿಂಗ್‌ಪಿನ್ ಎನ್ನುತ್ತಾರೆ. ಹೆಸರಿಗೆ ತಕ್ಕ ರಾಜ. ಅದು ಅಲ್ಲಾಡಿದರೆ ರಾಜ್ಯವೇ ಅಲ್ಲಾಡುತ್ತದೆ. ಬೇಸಿಗೆಯಲ್ಲಿ ಹಳೆಯದು ಸವೆದಾಗ ಅಂಗಡಿಯಿಂದ ತರೋಣವೆಂದರೆ ಹನುಮಂತರಾಯಪ್ಪ ಒಪ್ಪಿರಲಿಲ್ಲ. "ಊರೋರ್ಗೆಲ್ಲಾ ಪಿನ್ನು ಬುಷ್ಷು ಮಾಡ್ಕೊಡೋ ನಾವು ನಮ್ ಗಾಡಿಗೆ ಕೊಂಡ್ಕೊಂಡ್ ತರಾದಾ?" ಎಂದು, ಮಾಲೀಕನಾದ ಮೇಲೆ ಮೊದಲ ಸಲ ತಾನೇ ಲೇತಿನ ಮುಂದೆ ನಿಂತು ಪಿನ್ನು ಕಡೆದಿದ್ದ. ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಅವ್ವನ ಕೈಯಿಂದ ಮುಟ್ಟಿಸಿ ಕೂರಿಸಿದ್ದ. ಪೀಣ್ಯದಲ್ಲಿ ಒಬ್ಬನ ಹೆಂಡತಿಯ ಅಡುಗೆಯನ್ನು ಬೇಕಾದರೆ ಬೈಯಬಹುದು, ಅವನು ಕಡೆದ ಜಾಬನ್ನು ಬೈಯುವಂತಿಲ್ಲ.

"ಪಿನ್ನು ಸರಿ ಇಲ್ಲ ಅಂತೀಯಾ?" ಎಂದು ಕೇಳಿದ.

"ಪಿನ್ನಿನ ಇಚಾರ ನಂಗೇನ್ ಗೊತ್ತಣ್ಣ. ಗಾಡಿ ನಡುಗ್ತು ಅಂತೀನಿ."

"ಗಾಡಿ ನಡುಗ್ತೋ, ನೀನ್ ನಡುಗ್ದೋ? ನಲ್ಲಪ್ಪನತ್ರ ತೋರ್ಸು."

ನಲ್ಲಪ್ಪನ ಗ್ಯಾರೇಜು ರಾಜಗೋಪಾಲನಗರದ ತಿರುವಿನಲ್ಲಿತ್ತು. ನಲ್ಲಪ್ಪ ಗಾಡಿಯನ್ನು ಪೀಣ್ಯದ ರಸ್ತೆಗಳಲ್ಲೇ ಒಂದು ಸುತ್ತು ಹೊಡೆಸಿದ. ಆ ಗುಂಡಿಗಳಲ್ಲಿ ಇಪ್ಪತ್ತರ ಮೇಲೆ ಓಡಿಸಿದವನೇ ಇಲ್ಲ. ಗಾಡಿ ಹಸುಗೂಸಿನ ಹಾಗೆ ನಡೆಯಿತು. ಆಮೇಲೆ ಜಾಕು ಕೊಟ್ಟು, ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ.

"ಪಿನ್ನು ಮೆತ್ತಗದೆ ಸಾಮಿ. ಆಗಲೇ ಸವೆದುಬಿಟ್ಟಿದೆ" ಎಂದ ಮೆಲ್ಲಗೆ.

"ಅದನ್ನೇ ಬಂದು ಯಜಮಾನ್ರಿಗೆ ಹೇಳು."

"ನಾನಾ? ನನ್ನ ಗ್ಯಾರೇಜು ನಿಂತಿರೋದೇ ಅವರು ಕಳಿಸೋ ಕೆಲಸದ ಮೇಲೆ. ನೀನು ನಿಧಾನ ಓಡಿಸಪ್ಪ. ಏನೂ ಆಗಲ್ಲ."

ಯಜಮಾನನಿಗೆ ನಲ್ಲಪ್ಪ ಕಳಿಸಿದ ಸುದ್ದಿ, ಚಕ್ರದ ಮಾಮೂಲಿ ಅಲುಗಾಟ, ಎಲ್ಲ ಗಾಡಿಗಳಲ್ಲೂ ಇರುತ್ತದೆ, ಎಂದು.

ನಿಧಾನವಾಗಿ ಓಡಿಸುವುದಕ್ಕೆ ಸೊಣ್ಣಪ್ಪನೇನೋ ತಯಾರಿದ್ದ. ಆದರೆ ಆಯುಧಪೂಜೆಯಾದ ಮೇಲಿನ ಶನಿವಾರ ಹನುಮಂತರಾಯಪ್ಪನ ಮನೆಯ ಹರಿಸೇವೆ. ದಾಬಸ್‌ಪೇಟೆಯ ಆಚೆ ಬೆಟ್ಟದ ಬುಡದಲ್ಲಿ ಮನೆದೇವರು. ನಾಗಲಕ್ಷ್ಮಮ್ಮ, ಮನೆಮಂದಿ, ವರ್ಕ್‌ಶಾಪಿನವರ ಹೆಂಡಿರು ಮಕ್ಕಳು ಎಲ್ಲ ಪಿಕಪ್ಪಿನ ಹಿಂದೆ ಕೂತು ಹೋಗುವುದು. ಸೊಣ್ಣಪ್ಪನ ಹೆಂಡತಿ ಮಾರಕ್ಕ ಮಗಳಿಗೆ ಹೊಸ ಲಂಗ ಹೊಲಿಸಿ ಆಗಿತ್ತು. ಶನಿವಾರ ಒಂಬತ್ತಕ್ಕೆ ರಾಹುಕಾಲ ಹಿಡಿಯುತ್ತದೆ. ಅಷ್ಟರೊಳಗೆ ದೇವರ ಮುಂದೆ ಎಡೆ ಇಡಬೇಕು. ಅಡುಗೆ ಮುಗಿಸಿ, ಹೆಂಗಸರು ಮಕ್ಕಳನ್ನೆಲ್ಲ ಹತ್ತಿಸಿ ಹೊರಡುವ ಹೊತ್ತಿಗೆ ಗಾಡಿಯನ್ನು ಜೋರಾಗಿ ಓಡಿಸದೆ ಬೇರೆ ದಾರಿ ಇರುವುದಿಲ್ಲ.

"ಬಸ್ಸು ಮಾಡಣ ಅಣ್ಣ" ಎಂದು ನೋಡಿದ. "ನಲವತ್ತರ ಮ್ಯಾಲೆ ನಾನ್ ಓಡ್ಸಾಕಿಲ್ಲ" ಎಂದೂ ನೋಡಿದ.

ಅದಕ್ಕೆ ಉತ್ತರ ಕೊಟ್ಟವನು ಯಜಮಾನನ ಭಾಮೈದ ಕೃಷ್ಣಪ್ಪ. ಅವನಿಗೆ ಹಾರನ್ನು ಒಂದೇ ಗೊತ್ತು, ಬ್ರೇಕು ಗೊತ್ತಿಲ್ಲ. "ಭಾವ, ಇವ್ನು ನಮ್ಮತ್ತೇನ ತೇರಿನಂಗೆ ಎಳ್ಕೊಂಡೋಗ್ತಾನೆ. ಕೀ ನಂಗ್ ಕೊಡಿ. ಅರ್ಧ ಗಂಟೇಲಿ ಬಿಸಾಕ್ತೀನಿ."

ಬಿಸಾಕುತ್ತಾನೆ, ಅದರಲ್ಲಿ ಸೊಣ್ಣಪ್ಪನಿಗೆ ಅನುಮಾನವಿರಲಿಲ್ಲ. ಕೆಲಸ ಬಿಟ್ಟು ಓಡಿಹೋಗೋಣವೆಂದರೆ ಕೀಲಿ ಕೃಷ್ಣಪ್ಪನ ಕೈಗೆ. ಮಾರಕ್ಕನಿಗೆ ಹೋಗಬೇಡ ಎಂದರೆ, "ಅರಕೆ ಊಟಕ್ಕೆ ಬ್ಯಾಡ ಅಂತಾರಾ? ಅವ್ವ ಏನ್ ತಿಳ್ಕತಾರೆ? ನಿಂಗೆ ಯಾವಾಗ್ಲೂ ಆಟವೇ" ಎಂದು ಒಲೆಯ ಕಡೆ ತಿರುಗಿದಳು. ಅವಳನ್ನು ಮನೆಯಲ್ಲಿ ಕೂಡಿಹಾಕಿದರೂ ಉಳಿದವರ ಮಕ್ಕಳು ಹತ್ತುತ್ತಾರೆ. ಕಣ್ಣು ಮುಚ್ಚಿದರೆ ಆ ಕಟಕಟ. ಈಗ ಅದರೊಳಗೆ ಗಾಡಿಯ ಹಿಂದೆ ಕೂತ ಹೆಂಗಸರ ಹಸಿರು ಬಳೆಗಳ ಸದ್ದೂ ಸೇರಿತ್ತು.

ಶುಕ್ರವಾರ ಮಧ್ಯಾಹ್ನ ಪಿಕಪ್ಪು ಬಾಳೆಕಂದು, ಚೆಂಡುಹೂವಿನಲ್ಲಿ ಮದುಮಗನಾಗಿ ನಿಂತಿತ್ತು. ಯಜಮಾನ ಊಟಕ್ಕೆ ಹೋಗಿದ್ದ. ಸೊಣ್ಣಪ್ಪ ಆಫೀಸು ಕೋಣೆಗೆ ನುಗ್ಗಿ, ಬಾಗಿಲು ಎಳೆದುಕೊಂಡು, ನಲ್ಲಪ್ಪನ ಪಕ್ಕದ ಟೈರು ಅಂಗಡಿಗೆ ಫೋನು ತಿರುಗಿಸಿ ಅವನನ್ನು ಕರೆಸಿದ. ಗಂಟಲು ಸರಿಮಾಡಿಕೊಂಡು ಹನುಮಂತರಾಯಪ್ಪನಾದ.

"ನಲ್ಲಪ್ಪ, ನಾನು. ಸೊಣ್ಣ ಈಗ ಗಾಡಿ ತತ್ತಾನೆ. ಮುಂದ್ಲು ಆಕ್ಸಲ್ ಬಿಚ್ಚು. ಪಿನ್ನು ಕಿತ್ತು ಎಸ್ದು ಅಂಗಡೀದು ಆಕು."

ಆ ತುದಿಯಲ್ಲಿ ನಲ್ಲಪ್ಪನಿಗೆ ಉಸಿರು ಕಟ್ಟಿತು. "ಯಜಮಾನ್ರೇ ಹೇಳ್ತಿದ್ದೀರಾ ಸಾರ್?"

"ನಾನಲ್ದೆ ನನ್ ಅಣಕ ಏಳ್ತೈತಾ?" ಮೂವತ್ತು ವರ್ಷದಲ್ಲಿ ಆ ದನಿ ಎಂದೂ ಆಡದ ಮಾತನ್ನು ಆ ದನಿಯಲ್ಲೇ ಆಡಿದ. "ಪಿನ್ನು ನನ್ ಕೈಲಿ ಕೆಟ್ಟೈತೆ. ತಪ್ಪು ನಂದೇ."

ಬೆನ್ನ ಹಿಂದೆ ಬಾಗಿಲು ಕಿರುಗುಟ್ಟಿತು. ಹನುಮಂತರಾಯಪ್ಪ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಬಂದು ರಿಸೀವರನ್ನು ಕಿತ್ತುಕೊಂಡ. "ಏನೂ ಬಿಚ್‌ಬ್ಯಾಡ" ಎಂದು ಕುಕ್ಕಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ಸೊಣ್ಣಪ್ಪನಿಗೆ ಹಗುರವಾಗುತ್ತಿತ್ತು.

"ನನ್ ಬಾಯಿಂದ್ಲೇ ನನ್ ತಪ್ಪು ಒಪ್ಪುಸ್ಬುಟ್ಟೆ. ಕೀ ಇಟ್ಟು ಓಗು. ನಾಳೆಯಿಂದ ಬರಬ್ಯಾಡ."

ಸೊಣ್ಣಪ್ಪ ಕಾಲು ಹಿಡಿದುಕೊಂಡ. "ಓಗ್ತೀನಿ ಅಣ್ಣ. ಓಗ್ತೀನಿ. ಒಂದೇ ಒಂದ್ ಕಿತ ಆ ಮೋರಿ ತಂಕ ನೀನೇ ಓಡ್ಸು. ಅರವತ್ರಲ್ಲಿ. ಏನೂ ಆಗ್ಲಿಲ್ಲ ಅಂದ್ರೆ ನಾಳೆ ಮಾರಕ್ಕನ್ನೂ ಮಗೀನೂ ನಾನೇ ಮೊದ್ಲು ಅತ್ತುಸ್ತೀನಿ."

ಕಾಲು ಬಿಡಿಸಿಕೊಳ್ಳುವುದಕ್ಕೆಂದೋ, ಪಿನ್ನಿನ ಮಾನ ಉಳಿಸುವುದಕ್ಕೆಂದೋ, ಹನುಮಂತರಾಯಪ್ಪ ಕೀಲಿ ತೆಗೆದುಕೊಂಡು ಹೊರಟ.

ಹೋಗುವಾಗ ಮೋರಿ ದಾಟಿದರು. ಆ ಕಡೆಗೆ ಏರು. ಮುಳ್ಳು ನಲವತ್ತು ದಾಟದೆ ಗಾಡಿ ಏದುಸಿರು ಬಿಡುತ್ತ ಹತ್ತಿತು. ಏನೂ ಆಗಲಿಲ್ಲ.

"ನೋಡ್ದಾ?" ಎಂದ ಹನುಮಂತರಾಯಪ್ಪ. ವಾರದಲ್ಲಿ ಮೊದಲ ಸಲ ನಕ್ಕ. ಏರಿನ ತಲೆಯಲ್ಲಿ ಗಾಡಿ ತಿರುಗಿಸಿದ. "ನೀನು ಎದ್ರುಕೊಂಡು ಅದನ್ನೇ ಅಣಕ ಮಾಡ್ಕೊಂಡಿದ್ದೀಯ."

ಸೊಣ್ಣಪ್ಪ ಎರಡೂ ಕೈಯಲ್ಲಿ ಸೀಟಿನ ಅಂಚು ಹಿಡಿದು ಕೂತ. ಬರಲಿ, ನಡುಕ ಬರಲಿ, ಎಂದು ಮನೆದೇವರಿಗೇ ಮೊರೆಯಿಟ್ಟ. ಸಾವನ್ನು ಕೂಗಿ ಕರೆಯುವ ಗತಿ ಬಂತಲ್ಲ ಎಂದು ಅವನಿಗೇ ಅಸಹ್ಯವಾಯಿತು. ಇಳಿಜಾರಿನಲ್ಲಿ ಮುಳ್ಳು ಐವತ್ತು ದಾಟಿತು, ಅರವತ್ತಕ್ಕೆ ಏರಿತು. ಮೋರಿಯ ದಿಂಡು ಬಂತು.

ಮೊರೆ ಮುಟ್ಟಿತು.

ಸ್ಟೇರಿಂಗು ಹನುಮಂತರಾಯಪ್ಪನ ಕೈಯನ್ನು ಹಿಡಿದು ಜಾಡಿಸತೊಡಗಿತು. ಬಾಳೆಕಂದು ಮುರಿದು ಗಾಜಿಗೆ ಬಡಿಯಿತು. ಅವನು ಹಲ್ಲು ಕಚ್ಚಿ, ಲೇತಿನಲ್ಲಿ ಪಳಗಿದ ತೋಳುಗಳ ಬಲವನ್ನೆಲ್ಲ ಹಾಕಿ ಬಿಗಿದ. ಎರಡೂ ಕಾಲಲ್ಲಿ ಬ್ರೇಕು ತುಳಿದ. ಬಿಗಿದಷ್ಟೂ ಗಾಡಿ ಹುಚ್ಚಾಯಿತು. ರಸ್ತೆಯ ನಡುವಿಗೆ ಎಳೆಯಿತು. ಎದುರಿಗೆ ತುಮಕೂರು ಬಸ್ಸು.

"ಬ್ರೇಕ್ ಬುಡಣ್ಣ. ಕೈ ಸಡ್ಲ ಬುಡು" ಎಂದು ಸೊಣ್ಣಪ್ಪ ಕಿರುಚಿದ. ಕೇಳಲಿಲ್ಲ. ಯಜಮಾನನ ಕಣ್ಣು ಬಸ್ಸಿನ ಮೇಲೆ ಕೀಲಿಸಿಹೋಗಿತ್ತು. ಸೊಣ್ಣಪ್ಪನ ಮಾತು ಕೇಳಿ ಅವನಿಗೆ ಎಂದೂ ಅಭ್ಯಾಸವಿರಲಿಲ್ಲ.

ಆಗ ಗಂಟಲಿನ ಬೀಗ ತಾನಾಗಿ ಕಳಚಿತು.

"ಓ... ಹೋ... ಅಗ್ಗ ಸಡ್ಲ ಬುಡ್ಲಾ, ರಾಯಾ. ದನ ತಾನೇ ನಿಂತ್ಕತದೆ."

ಬೆರಳುಗಳು ಸಡಿಲವಾದವು. ತಲೆ ಕೇಳಿತೋ ಇಲ್ಲವೋ, ಕೈ ಕೇಳಿತು, ಕಾಲು ಮೇಲೆದ್ದಿತು. ಬಸ್ಸು ಗಾಡಿಯ ಬಲಗನ್ನಡಿಯನ್ನು ಮುರಿದು, ಹಾರನ್ನು ಎಳೆಯುತ್ತ ದಾಟಿಹೋಯಿತು. ಗಾಡಿ ಇನ್ನಷ್ಟು ದೂರ ಒದರಿಕೊಂಡು, ಒದೆತ ತಗ್ಗಿಸುತ್ತ, ಮಣ್ಣಿಗಿಳಿದು ನಿಂತಿತು.

ಇಂಜಿನ್ನು ಆರಿತು. ಚೆಂಡುಹೂವು ಒಂದೊಂದಾಗಿ ಬಾನೆಟ್ಟಿನಿಂದ ಉರುಳುತ್ತಿತ್ತು. ಸೊಣ್ಣಪ್ಪ ಕೆನ್ನೆ ಕೊಟ್ಟು ಕಾದ. ಆ ದನಿಗೆ ಏಟು ಬೀಳಬೇಕಿತ್ತಲ್ಲ. ಹನುಮಂತರಾಯಪ್ಪ ಮುಂದೆ ನೋಡುತ್ತಲೇ ಹೇಳಿದ.

"ಇನ್ನೊಂದ್ ಕಿತ ಕೂಗು ಕಣ್ಲಾ."

ಸೊಣ್ಣಪ್ಪ ಬಾಯಿ ತೆರೆದ. "ಓ... ಹೋ..." ಬಂದದ್ದು ಅವನದೇ ದನಿ, ಒಣಗಿದ್ದು. ಮತ್ತೆ ಪ್ರಯತ್ನಿಸಿದ. ಮುದುಕ ಬರಲಿಲ್ಲ.

ಹನುಮಂತರಾಯಪ್ಪ ಇಳಿದು, ಮುಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು, ಒಳಗೆ ಕೈಹಾಕಿದ. ಪಿನ್ನಿನ ತಲೆಯ ಮೇಲೆ ಕುಂಕುಮ ಇನ್ನೂ ಇತ್ತು. ಬಹಳ ಹೊತ್ತು ಅದನ್ನೇ ಬೆರಳಲ್ಲಿ ಒರೆಸಿದ.

"ಅವ್ವನ ಕೈಲಿ ಮುಟ್ಟಿಸಿದ್ದೆ ಕಣೋ ಇದನ್ನ."

"ಏಳಣ್ಣ."

"ಅವ್ವನ್ನೇ ಕೂರ್ಸ್ತಿದ್ದೆ ಇದ್ರ ಮ್ಯಾಲೆ."

ಎದ್ದು ಬಂದು ಕೀಲಿಯನ್ನು ಸೊಣ್ಣಪ್ಪನ ಅಂಗೈಗೆ ಒತ್ತಿದ. "ನಾಳೆ ಬಸ್ಸಲ್ಲಿ ಓಗಣ. ಎಡೆ ತಡ ಆದ್ರೆ ಆಗ್ಲಿ, ದೇವ್ರು ಕಾಯ್ಲಿ. ಕೃಷ್ಣಪ್ಪ ಕೇಳಿದ್ರೆ ಕೀ ಕಳೆದೋಯ್ತು ಅನ್ನು. ಈಗ ನಡಿ, ನಲ್ಲಪ್ಪನ ಗ್ಯಾರೇಜ್ ತಂಕ ನಡ್ಕೊಂಡೋಗಣ. ನಾನೇ ಏಳ್ಬೇಕು ಅವ್ನಿಗೆ."

ಇಬ್ಬರೂ ರಸ್ತೆಯಂಚಿನ ಮಣ್ಣಿನಲ್ಲಿ ಪೀಣ್ಯದ ಕಡೆ ನಡೆದರು. ಸೊಣ್ಣಪ್ಪನ ಕೈಯಲ್ಲಿ ಕೀಲಿಗೊಂಚಲು ಕಟಕಟನೆ ನಡುಗುತ್ತಿತ್ತು, ಎಷ್ಟು ಬಿಗಿದು ಹಿಡಿದರೂ. ಹನುಮಂತರಾಯಪ್ಪ ಸದ್ದು ಕೇಳಿ ತಿರುಗಿ ನೋಡಿದ, ನಗಲಿಲ್ಲ. "ಸಡ್ಲ ಬುಡು" ಎಂದ.