ಕಾರ್ಡಿನಲ್ಲಿರುವಾಕೆ

ಹಸಿರು ಗೆರೆಯ ದುಂಡು, ದುಂಡಿನೊಳಗೆ ತನ್ನ ಮುಖ, ಮೂಗಿನ ತುದಿಯಲ್ಲೊಂದು ಬೆವರಹನಿ, ಬೆನ್ನ ಹಿಂದೆ ಫ್ಯಾನು ತಿರುಗುವುದೂ ಕಾಣುತ್ತದೆ, ಕಣ್ಣು ಮಿಟುಕಿಸಿ ಅಂತು ಫೋನು, ಭಾಗ್ಯಜ್ಯೋತಿ ಮಿಟುಕಿಸಿದಳು, ತಲೆ ಎಡಕ್ಕೆ ತಿರುಗಿಸಿ, ತಿರುಗಿಸಿದಳು, ಬಲಕ್ಕೆ, ಬಲಕ್ಕೂ ಆಯಿತು, ಇನ್ನೇನು ಎದ್ದು ಕುಣಿಯಲೇನಪ್ಪಾ ಎನ್ನುವಷ್ಟರಲ್ಲಿ ದುಂಡು ಕೆಂಪಾಯಿತು, ಮುಖ ಹೊಂದುತ್ತಿಲ್ಲ — ಎರಡನೆಯ ಸಲ. ಮೂರು ಸಲ ಅಷ್ಟೇ ಅಮ್ಮಾ, ಮೂರಾದ ಮ್ಯಾಲ ಬಂದ್ ಆಗ್ತದ, ಅಂದಿದ್ದ ಕಲೀಮುಲ್ಲಾ, ರಾಯಚೂರು ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು, ಬೆರಳು ಬ್ಯಾಡ ಏನ್ ಬ್ಯಾಡ, ಫೋನ್ದಾಗ ಮಾರಿ ತೋರ್ಸಿದ್ರ ಹತ್ತು ಮಿನಿಟ್ನಾಗ ಅಕೌಂಟ್ ತಯಾರ್ ಎಂದು ಸ್ಟೂಲು ಒರೆಸಿ ಕೂಡಿಸಿದ ಪುಣ್ಯಾತ್ಮ, ಈಗ ತಾನೇ ತಲೆ ಕೆರೆದುಕೊಳ್ಳುತ್ತಿದ್ದಾನೆ, ಬೆಳಕು ಬರೋಬರಿ ಬೀಳವಲ್ದು, ಸೆರಗು ಹಿಂದ ಸರಸ್ರಿ, ಅನ್ನುತ್ತಾನೆ, ಸೆರಗು ಸರಿಸಿದರೆ ಮುಖ ಬೇರೆಯವರದಾಗುತ್ತದೇನು, ಅವನಿಗೇನು ಗೊತ್ತು, ಗೊತ್ತಿರುವುದು ಇವಳಿಗೆ, ಗೊತ್ತಿದ್ದೂ ಬಂದು ಕೂತಿದ್ದಾಳೆ ನೋಡು ಹುಚ್ಚಿ. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು. ಐದರೊಳಗೆ ಖಾತೆಯ ನಂಬರು ಮಾನ್ವಿಗೆ ಹೋಗಬೇಕು. ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಕೆಲಸ, ಹಿತ್ತಲಿನಲ್ಲಿ ಇರಲಿಕ್ಕೆ ಒಂದು ಖೋಲಿ, ಖೋಲಿಯ ಬಾಗಿಲಲ್ಲಿ ನಿಂತರೆ ರಸ್ತೆಯಾಚೆ ಶಾಲೆ, ಆರು ವರ್ಷದ ಮಗಳು ಶೈಲಶ್ರೀ ಅಲ್ಲಿ ನಿಂತು ಬೆರಳು ಮಾಡಿ ತೋರಿಸಿದ್ದಳು, ಯವ್ವಾ ಅದೇನು ನಮ್ಮ ಸಾಲಿ? — ಹೂಂ ನಮ್ಮದೇ, ಅಂದುಬಿಟ್ಟಿದ್ದಳಲ್ಲ, ಬಾಯಿಗೆ ಬೀಗ ಇರಬಾರದಿತ್ತೇ. ಹಾಸ್ಟೆಲಿನ ವಾರ್ಡನ್ ಗುರುರಾಜ ಸರ್ ಒಳ್ಳೆಯವರೇ, ಪಗಾರ ಸೀದಾ ನಿಮ್ಮ ಹೆಸರಿನ ಖಾತೆಗೆ ಬೀಳ್ತದ ಭಾಗ್ಯಮ್ಮ, ಗಂಡಂದು ನಡೆಯೂದಿಲ್ಲ, ತಾಯಿದು ನಡೆಯೂದಿಲ್ಲ, ಶುಕ್ರವಾರ ಐದರತನ ಕಾಯ್ತೀನಿ, ಆಮ್ಯಾಲ ಮ್ಯಾಲಿನವ್ರು ಕೇಳೂದಿಲ್ಲ, ಪಟ್ಟಿಯೊಳಗಿನ ಎರಡನೇ ಹೆಸರು ಕಳಿಸಬೇಕಾಗ್ತದ. ಇವತ್ತು ಶುಕ್ರವಾರ. ಸೋಮವಾರ ಗಂಡ ರೇವಣಸಿದ್ದ ಚಂದ್ರಬಂಡದ ಹೊಲದಿಂದ ಕುರಿ ಎಬ್ಬಿಸಿಕೊಂಡು ಮುಂದಿನ ಊರಿಗೆ ಹೊರಡುತ್ತಾನೆ, ಖೋಲಿ ಇಲ್ಲದಿದ್ದರೆ ಇವಳೂ ಹೊರಡಬೇಕು, ಇವಳ ಹಿಂದೆ ಶೈಲಶ್ರೀ, ಆ ಶೈಲಶ್ರೀಯ ಹಿಂದೆ ಕುರಿಮರಿ, ಶಾಲೆ ಅನ್ನುವುದು ರಸ್ತೆಯಾಚೆಗೇ ನಿಲ್ಲುತ್ತದೆ.

ಮೊದಲು ಮಾನ್ವಿಯ ಬ್ಯಾಂಕಿಗೇ ಹೋದದ್ದು, ಹೋದ ಸೋಮವಾರ, ಸಾಲಿನಲ್ಲಿ ಎರಡು ತಾಸು ನಿಂತು ಬೆರಳು ಇಟ್ಟರೆ ಮಷೀನು ಒಲ್ಲೆನೆಂದಿತು, ಬೆರಳು ಒರೆಸ್ರಿ, ಒರೆಸಿದಳು, ಬ್ಯಾರೆ ಬೆರಳು ಇಡ್ರಿ, ಇಟ್ಟಳು, ಹತ್ತೂ ಇಟ್ಟಳು, ಆ ಹುಡುಗಿ ಎಣ್ಣೆಯ ಸೀಸೆ ಬೇರೆ ಕೊಟ್ಟಳು ಪಾಪ, ದುಡಿಯೋ ಮಂದಿ ಬೆರಳು ಸವದಿರ್ತಾವ, ಆಧಾರ್ ಸೆಂಟರ್‌ನಾಗ ಹೊಸಾವು ಕೊಟ್ಟು ಬರ್ರಿ. ಸವೆದಿದ್ದರೆ ಎಷ್ಟು ಚೆನ್ನಾಗಿತ್ತು. ತನ್ನ ಬೆರಳಿನ ಗೆರೆ ಒಂದೂ ಸವೆದಿಲ್ಲ, ಕಿಟಕಿಯ ಬೆಳಕಿಗೆ ಹಿಡಿದರೆ ಎಣಿಸಬಹುದು. ಮರುದಿನ ತವರಿನ ಕಡೆ, ದೇವದುರ್ಗ, ಅಲ್ಲಿಯ ಸೆಂಟರಿನ ಹಂಪಣ್ಣ ದೂರದಿಂದ ಬಳಗದವನೇ ಆಗಬೇಕು, ನಾಲ್ಕು ಬೆರಳು, ನಾಲ್ಕು ಬೆರಳು, ಎರಡು ಹೆಬ್ಬೆರಳು, ಕಂಪ್ಯೂಟರು ನೋಡಿದ, ಇವಳ ಮುಖ ನೋಡಿದ, ಮತ್ತೆ ಕಂಪ್ಯೂಟರು, ಬಾಗಿಲ ಕಡೆ ಒಮ್ಮೆ ನೋಡಿ ಕುರ್ಚಿ ಹತ್ತಿರಕ್ಕೆಳೆದು ಮೆತ್ತಗೆ ಕೇಳಿದ, ಭಾಗ್ಯಾ, ಅವತ್ತು ಕ್ಯಾಂಪಿಗೆ ಬೆರಳು ಕೊಟ್ಟಾಕಿ ನೀನ ಏನು? ಹನ್ನೆರಡು ವರ್ಷ ಯಾರೂ ಕೇಳಿರಲಿಲ್ಲ, ರೇಷನ್ನಿಗೆ ಯವ್ವನ ಬೆರಳು, ಮದುವೆಯಾದ ಮೇಲೆ ಗಂಡನದು, ಫೋನಿನ ಸಿಮ್ಮು ಅಪ್ಪ ದುರುಗಪ್ಪನದು, ಆ ನಂಬರನ್ನೇ ಕ್ಯಾಂಪಿನಲ್ಲಿ ಬರೆಸಿದ್ದು, ಅಪ್ಪ ಹೋದ ಮೇಲೂ ಕರೆನ್ಸಿ ಹಾಕಿ ಹಾಕಿ ಉಳಿಸಿಕೊಂಡಿದ್ದಾಳೆ, ಆಧಾರ್ ಕಾರ್ಡನ್ನು ಬಸ್ಸಿನಲ್ಲಿ ತೋರಿಸುತ್ತಾಳೆ, ಕಂಡಕ್ಟರು ಫೋಟೋದ ಕಡೆ ಕಣ್ಣೂ ಹಾಯಿಸುವುದಿಲ್ಲ. ಒಬ್ಬ ಮಾತ್ರ ಒಮ್ಮೆ ನೋಡಿ ನಕ್ಕಿದ್ದ, ಸಣ್ಣಾಕಿದ್ದಾಗ ಭಾಳ ಚಂದಿದ್ದಿ ಬಿಡವ್ವಾ, ಅಂತ.

ಚಂದ ಇದ್ದಳು, ಸುಳ್ಳಲ್ಲ. ತಂಗಿ ಯಮನಮ್ಮ. ಒಂದೂವರೆ ವರ್ಷಕ್ಕೆ ಸಣ್ಣಾಕೆ, ಮಾರಿ ಒಂದೇ ಅಚ್ಚು, ಬಳಗದವರೂ ಹಿಂದಿನಿಂದ ನೋಡಿದರೆ ತಪ್ಪುತ್ತಿದ್ದರು, ಎದುರಿಗೆ ಬಂದರೆ ಗೊತ್ತಾಗುತ್ತಿತ್ತು, ಆಕೆಯ ಹುಬ್ಬು ನಗುತ್ತಿತ್ತು, ಬಾಯಿ ಮುಚ್ಚಿದರೂ ಹುಬ್ಬು ನಗುತ್ತಿತ್ತು. ಆಧಾರ್ ಕ್ಯಾಂಪಿನವರು ಊರಿಗೆ ಬಂದಾಗ ಭಾಗ್ಯಜ್ಯೋತಿ ಊರಲ್ಲಿರಲಿಲ್ಲ, ಅಪ್ಪನ ಕೂಡ ಗುಂಜಹಳ್ಳಿಯ ಹೊಲದಲ್ಲಿ ಕುರಿ ತರುಬುತ್ತಿದ್ದಳು, ಕುರಿ ಹೊಲದಲ್ಲಿ ಮಲಗಿ ಗೊಬ್ಬರ ಹಾಕುತ್ತವೆ, ಹೊಲದವನು ಜೋಳ ಅಳೆದು ಕೊಡುತ್ತಾನೆ, ಹಾಗೆ ತಿಂಗಳುಗಟ್ಟಲೆ ಊರೂರು. ಊರಲ್ಲಿ ಡಂಗುರ, ರೇಷನ್ ಕಾರ್ಡಿನಾಗ ಯಾರ ಹೆಸರದ ಅವ್ರು ಬಂದು ಕುಂದರ್ಬೇಕು, ಕುಂದರದವ್ರ ಅಕ್ಕಿ ಕಟ್. ಕಾರ್ಡಿನಲ್ಲಿ ಭಾಗ್ಯಜ್ಯೋತಿ ಇದ್ದಾಳೆ, ಊರಲ್ಲಿಲ್ಲ. ಯಮನಮ್ಮ ಊರಲ್ಲಿದ್ದಾಳೆ, ಕಾರ್ಡಿನಲ್ಲಿಲ್ಲ, ಆಕೆ ಹುಟ್ಟಿದ್ದು ಯಾವುದೋ ಊರಿನ ಬೇವಿನ ಗಿಡದ ಕೆಳಗೆ, ಕುರಿಯ ನಡುವೆ, ಬರೆಸಬೇಕು ಬರೆಸಬೇಕು ಅನ್ನುತ್ತಲೇ ಹದಿನಾಲ್ಕು ವರ್ಷ ಹೋಗಿತ್ತು. ಯವ್ವ ಸೆರಗು ಕಚ್ಚಿಕೊಂಡು ಒಂದು ಗಳಿಗೆ ಯೋಚಿಸಿದಳಂತೆ, ಅಷ್ಟೇ, ಎರಡೂ ನನ್ನ ಹೊಟ್ಟಿಯಾಗಿಂದ ಬಂದಾವು, ಯಾವ್ದು ಕುಂತ್ರೇನು, ಹೋಗ ಬೇ ಯಮನೀ, ಅಕ್ಕನ ರವಿಕಿ ಹಾಕ್ಕೋ, ಹೆಸರು ಕೇಳಿದ್ರ ಭಾಗ್ಯಜ್ಯೋತಿ ಅನ್ನು. ಇದರಲ್ಲಿ ಮೋಸವೇನು ಬಂತು, ಅಕ್ಕನ ಪಾಲಿನ ನೀರು ತಂಗಿ ತರುತ್ತಾಳೆ, ತಂಗಿಯ ಪಾಲಿನ ಮರಿಗೆ ಅಕ್ಕ ಸೊಪ್ಪು ಕಡಿಯುತ್ತಾಳೆ, ಇದೂ ಹಾಗೇ ಒಂದು ಕೆಲಸ, ಹೋಗಿ ಕೂತು ಬಂದಳು. ಎರಡು ತಿಂಗಳಾದ ಮೇಲೆ ಭಾಗ್ಯಜ್ಯೋತಿ ಮನೆಗೆ ಬಂದರೆ ಬಾಗಿಲಲ್ಲೇ ಕುಣಿತ, ನಗಬ್ಯಾಡ ಅಂದ್ನಕ್ಕ ಅವ, ತುಟಿ ಕಚ್ಕೊಂಡು ಕುಂತಿದ್ದೆ, ಕಣ್ಣಿಗಿ ಏನೋ ದುರ್ಬೀನು ಹಿಡಿದ್ರು, ಇನ್ನ ಯಾರನ್ನ ಭಾಗ್ಯಜ್ಯೋತೀ ಅಂತ ಕೂಗಿದ್ರ ಓ ಅನ್ನಾಕಿ ನಾನಾ, ನೀ ಸುಮ್ಕ ಕುಂದ್ರು. ನಕ್ಕರು, ಎಲ್ಲರೂ ನಕ್ಕರು, ಅಪ್ಪನೂ ನಕ್ಕ, ಯಮನೀದು ಬರೋ ವರ್ಷ ಮಾಡ್ಸಿದ್ರಾತು ಬಿಡು. ಬರುವ ವರ್ಷ.

ಬರುವ ವರ್ಷ ಚೀಕಲಪರ್ವಿ, ತುಂಗಭದ್ರೆಯ ದಂಡೆ, ಉಣ್ಣೆ ಕತ್ತರಿಸುವ ಮುಂಚೆ ಕುರಿಗಳ ಮೈ ತೊಳೆಯಬೇಕು, ಒಬ್ಬರು ನೀರಿನಲ್ಲಿ ನಿಂತು ಉಜ್ಜುವುದು, ಒಬ್ಬರು ದಂಡೆಯಲ್ಲಿ ಹಿಡಿದು ಒಣಗಿಸುವುದು, ನೀರಿಗೆ ಇಳಿಯುವ ಸರದಿ ಅವತ್ತು ಭಾಗ್ಯಜ್ಯೋತಿಯದು — ಸರದಿ ಇವಳದು, ಬಿಸಿಲಿಗೆ ಮೈ ಕಾದಿದೆ ನಾ ಇಳಿತೀನಿ ಬಿಡಕ್ಕ ಅಂದವಳು ತಂಗಿ, ಇವಳು ಹೂಂ ಅಂದಳು, ಎರಡಕ್ಷರ ಸೈತ ಅಲ್ಲ, ಹೂಂ. ಮರಳು ತೋಡಿದ ಗುಂಡಿ ನೀರಿನೊಳಗೆ ಯಾರಿಗೆ ಕಾಣುತ್ತದೆ, ದೊಡ್ಡ ಟಗರು ಜಾರಿತು, ಯಮನಮ್ಮ ಅದರ ಉಣ್ಣೆ ಹಿಡಿದಳು, ಟಗರು ಈಜಿ ಬಂತು, ಬೆನ್ನ ಮೇಲೆ ಅಂಗೈಯಗಲ ಉಣ್ಣೆ ಕಿತ್ತಿತ್ತು, ಯಮನಮ್ಮ ಬಂದದ್ದು ಮಧ್ಯಾಹ್ನದ ಮೇಲೆ, ಜಾಲಗಾರರ ತೆಪ್ಪದಲ್ಲಿ, ಬಲಗೈ ಮುಷ್ಟಿ ಕಟ್ಟಿ, ಮುಷ್ಟಿಯ ಸಂದಿಯಿಂದ ಕರಿಯ ಉಣ್ಣೆ ಹೊರಗೆ ಇಣುಕುತ್ತಿತ್ತು. ಯವ್ವ ಬಿಡಿಸಲು ನೋಡಿದಳು, ಖಾಲಿ ಕೈಲೆ ಕಳಿಸಬೇಕು ಅಂತ ಹಿರಿಯರು ಅಂದರು, ಬಿಸಿನೀರು ಹಾಕಿದರು, ಎಣ್ಣೆ ಹಾಕಿದರು, ಬಿಚ್ಚಲಿಲ್ಲ, ಅಪ್ಪ ಎದ್ದು ಬಂದು ಎಲ್ಲರ ಕೈ ಸರಿಸಿದ, ಬಿಡ್ರಿ, ಆಕಿ ದುಡಿಕಿ ಆಕಿ ಒಯ್ಲಿ. ದಂಡೆಯ ಮೇಲೇ ಮಣ್ಣು ಮಾಡಿದರು, ಮೂರನೆಯ ದಿನಕ್ಕೆ ಕುರಿ ಮುಂದಕ್ಕೆ ನಡೆದವು. ಸತ್ತದ್ದು ಬರೆಸಲು ಹೋದರೆ, ಎಲ್ಲ್ಯೂ ಹೆಸರಿಲ್ಲದಾಕಿ ಸತ್ತಳಂತ ಹೆಂಗ ಬರೀಲಿ ದುರುಗಪ್ಪ, ಅಂದರು, ಅವರ ಮಾತೂ ಸರಿಯೇ. ಹುಟ್ಟಿದ್ದಕ್ಕೆ ಕಾಗದವಿಲ್ಲ, ಸತ್ತದ್ದಕ್ಕೆ ಕಾಗದವಿಲ್ಲ, ಶಾಲೆ ಹತ್ತಿದವಳಲ್ಲ, ಮದುವೆ ಫೋಟೋದಲ್ಲಿ ನಿಂತವಳಲ್ಲ, ಇರುವುದು ಇದೊಂದು ಕಾರ್ಡಿನ ಮೇಲಿನ ಮುಖ, ಹತ್ತು ಬೆರಳು, ಎರಡು ಕಣ್ಣು, ಅವೂ ಅಕ್ಕನ ಹೆಸರಿನಲ್ಲಿ. ಹಂಪಣ್ಣ ಇದನ್ನೆಲ್ಲ ಕೇಳಿ ಅರ್ಜಿಯ ಹಾಳೆಯೊಂದನ್ನು ತೆಗೆದು ಮುಂದಿಟ್ಟು ಅಂದ, ಇವು ನನ್ನ ಬೆರಳಲ್ಲ ಅಂತ ಬರಕೊಡು, ಈ ನಂಬರ್ ರದ್ದಾಗ್ಲಿ, ಆಮ್ಯಾಲ ನಿಂದು ಹೊಸದು, ಆರು ತಿಂಗಳಾಗಬೌದು, ವರ್ಷಾನೂ ಆಗಬೌದು, ನಾ ಹೇಳಾಂಗಿಲ್ಲ. ರದ್ದಾದ ಮ್ಯಾಲ ಈ ಬೆರಳು ಎಲ್ಲಿಗಿ ಹೋಗ್ತಾವು ಹಂಪಣ್ಣಾ? ಎಲ್ಲಿಗಿ ಹೋಗ್ತಾವು, ಹೋಗ್ತಾವು ಅಷ್ಟ, ಎಂದು ನಗಲು ಹೋದವನು ನಗಲಿಲ್ಲ. ಅರ್ಜಿಯ ಹಾಳೆ ಮಡಚಿ ಚೀಲದಲ್ಲಿಟ್ಟುಕೊಂಡು ಬಂದಳು, ಬರೆದಿಲ್ಲ, ಬರೆಯಲು ಬರುವುದೂ ಇಲ್ಲ, ಯಾರ ಕೈಲಿ ಬರೆಸುವುದು, ಏನಂತ ಬರೆಸುವುದು, ನಮ್ಮ ತಂಗೀನ ಅಳಿಸಿರಿ ಅಂತಲೇ?

ಅಮ್ಮಾ, ಮೂರನೇದು ಫೋಟೋ ಬ್ಯಾಡ, ವಿಡಿಯೋ ಕಾಲ್ ತಗೋತೀನಿ, ಮನುಷ್ಯಾರು ಇರ್ತಾರ, ಮನುಷ್ಯಾರು ಇದ್ರ ಹೆಂಗರ ಆಗ್ತದ — ಕಲೀಮುಲ್ಲಾ ಫೋನನ್ನು ಝೆರಾಕ್ಸ್ ಹಾಳೆಗಳ ಕಟ್ಟಿಗೆ ಆನಿಸಿ ನಿಲ್ಲಿಸುತ್ತಾನೆ, ನಾಲ್ಕೂ ಮೂವತ್ತೈದು, ಟುರ್ ಟುರ್ ಅನ್ನುತ್ತದೆ, ಬಂದಳು, ಯಾರೋ ಹುಡುಗಿ, ಕಿವಿಗೆ ಹೆಡ್‌ಫೋನು, ಬೆಂಗಳೂರಿನ ಕನ್ನಡ, ನಮಸ್ಕಾರ ಮೇಡಂ, ಈ ಕಾಲ್ ರೆಕಾರ್ಡ್ ಆಗ್ತಾ ಇದೆ, ನಿಮ್ಮ ಹೆಸರು ಹೇಳಿ, ಹೇಳಿದಳು, ತಂದೆ ಹೆಸರು, ಹೇಳಿದಳು, ಹುಟ್ಟಿದ ದಿನ, ಬಾಯಿಪಾಠ ಮಾಡಿದ್ದು ತಪ್ಪಲಿಲ್ಲ, ಒಟಿಪಿ, ಹೇಳಿದಳು, ಎದೆಯೊಳಗೆ ಏನೋ ಹಗುರಾಗುತ್ತದೆ, ಆಗುತ್ತದೆ ಇದು, ಆಗಿಯೇ ಆಗುತ್ತದೆ, ಖೋಲಿಗೆ ಸುಣ್ಣ ಹೊಡೆಯಬೇಕು, ಶೈಲಶ್ರೀಗೆ ಒಂದು ಪಾಟಿಚೀಲ, ಕಾರ್ಡ್ ಮುಖದ ಪಕ್ಕ ಹಿಡ್ಕೊಳ್ಳಿ ಮೇಡಂ, ಹಿಡಿದಳು, ಸ್ವಲ್ಪ ಹತ್ತಿರ, ಹತ್ತಿರ ಹಿಡಿದಳು. ಹುಡುಗಿ ಮುಂದಕ್ಕೆ ಬಾಗಿದಳು. ಈ ಪರದೆಯ ಮೂಲೆಯ ಚಿಕ್ಕ ಚೌಕದಲ್ಲಿ ಇಬ್ಬರೂ ಇದ್ದಾರೆ ನೋಡು, ಇಪ್ಪತ್ತೆಂಟರ ಅಕ್ಕ, ಹದಿನಾಲ್ಕರ ತಂಗಿ, ಕೆನ್ನೆಗೆ ಕೆನ್ನೆ ತಾಗಿಸಿ, ಇಬ್ಬರೂ ಕೂಡಿ ಯಾವತ್ತೂ ಒಂದು ಫೋಟೋ ತೆಗೆಸಿಕೊಂಡಿದ್ದಿಲ್ಲವಲ್ಲ, ಅಯ್ಯ, ಇದೇ ಮೊದಲು. ಕಣ್ಣು ತುಂಬಿತು, ತುಂಬಬಾರದಿತ್ತು. ಮೇಡಂ, ಫೋಟೋದಲ್ಲಿರೋದು ನೀವೇನಾ? ಅನ್ನು, ಹೂಂ ಅನ್ನು, ಹನ್ನೆರಡು ವರ್ಷ ಅದೇ ಕಾರ್ಡು ತೋರಿಸಿದ್ದೀ, ಒಂದು ಹೂಂ, ಅದಕ್ಕೇನು ಖರ್ಚು, ಅನ್ನೇ — ಕಲೀಮುಲ್ಲಾ ಫೋನಿನ ಹಿಂದಿನಿಂದ ತಲೆ ಕುಣಿಸುತ್ತಿದ್ದಾನೆ, ಹೂಂ ಅನ್ರೀ ಅಮ್ಮಾ — ಹೂಂ ಬರಲಿಲ್ಲ, ದಂಡೆಯ ಮೇಲೆ ಅಂದದ್ದೇ ಸಾಕಾಗಿದೆ, ಮೇಡಂ? ಯಾರು ಇವರು? ಯಾರು ಇವರು ಅಂತ ಕೇಳಿದಳು ಆ ಹುಡುಗಿ, ಲೋಕದಲ್ಲಿ ಯಾರೂ ಕೇಳದಿದ್ದುದನ್ನು, ಸಿಟ್ಟಿಲ್ಲ ಅವಳ ದನಿಯಲ್ಲಿ, ಸುಮ್ಮನೆ ತಿಳಿದುಕೊಳ್ಳಲು ಕೇಳಿದ ಹಾಗೆ ಕೇಳಿದಳು, ಅದಕ್ಕೇ ಇರಬೇಕು, ಬಾಯಿ ತಾನಾಗಿ ತೆರೆಯಿತು, ನಮ್ ತಂಗೀರಿ. ಯಮನಮ್ಮ ಅಂತ. ಎಷ್ಟು ವರ್ಷವಾಗಿತ್ತು ಆ ಹೆಸರನ್ನು ಗಟ್ಟಿಯಾಗಿ ಅಂದು. ಹುಡುಗಿ ಏನೋ ಬಡಿದಳು, ಸಾರಿ ಮೇಡಂ, ಮುಂದುವರಿಸೋಕೆ ಆಗಲ್ಲ, ಈ ಅರ್ಜಿ ತಿರಸ್ಕಾರ ಆಗಿದೆ, ಮತ್ತೆ ಈ ನಂಬರ್ ತನಿಖೆಗೆ ಹೋಗುತ್ತೆ, ಧನ್ಯವಾದ, ಒಳ್ಳೆ ದಿನ ಆಗಲಿ.

ಯಾಕಮ್ಮಾ, ಯಾಕ ಹಂಗಂದಿ, ಒಂದು ಹೂಂ ಅಂದಿದ್ರ ಮುಗೀತಿತ್ತಲ್ಲ, ಅನ್ನುತ್ತಾನೆ ಕಲೀಮುಲ್ಲಾ, ಬೈದದ್ದಲ್ಲ, ಮರುಗಿದ್ದು, ನೀರಿನ ಬಾಟಲಿ ಮುಂದಿಡುತ್ತಾನೆ, ಕೊಡಲು ಹೋದ ಹಣವನ್ನು ಹಿಂದಕ್ಕೆ ತಳ್ಳುತ್ತಾನೆ. ನಂಬರು ತನಿಖೆಗೆ ಹೋಗುತ್ತದೆ, ಅರ್ಜಿಯೂ ಬೇಡ ಏನೂ ಬೇಡ, ಅವರೇ ಅಳಿಸುತ್ತಾರೆ ಇನ್ನು, ಹತ್ತು ಬೆರಳು, ಎರಡು ಕಣ್ಣು, ಹುಬ್ಬು, ತಾನೇ ಹಿಡಿದುಕೊಟ್ಟ ಹಾಗಾಯಿತು, ಎರಡನೇ ಸಲ, ಅಕ್ಕ ಅನ್ನಿಸಿಕೊಂಡವಳು ಎರಡನೇ ಸಲ. ಫೋನು ಬಡಿದುಕೊಳ್ಳುತ್ತದೆ, ಗುರುರಾಜ ಸರ್, ಭಾಗ್ಯಮ್ಮ, ಐದು ಹೊಡೀತು ನೋಡ್ರಿ, ನಂಬರ್ ಬರಲಿಲ್ಲ, ಕಳಿಸ್ಲಿ ಏನು ಎರಡನೇ ಹೆಸರು? ಕಳಿಸ್ರಿ ಸರ್. ನನ್ನ ಕೈಯಾಗ ಏನಿಲ್ಲವ್ವಾ, ತಪ್ಪ ತಿಳೀಬ್ಯಾಡ್ರಿ. ಇಲ್ಲ ಸರ್. ಮಗಳು ಫೋನು ಮಾಡುತ್ತಾಳೆ ಸಂಜೆಗೆ, ಅತ್ತೆಯ ಫೋನಿನಿಂದ, ಯವ್ವಾ ಸಾಲಿ ಆತೇನು, ಏನನ್ನಬೇಕು, ಬರೋ ವರ್ಷ ಅನ್ನಬೇಕೇ, ಬರುವ ವರ್ಷ ಅಂದರೆ ಏನಂತ ಇವಳಿಗೆ ಗೊತ್ತಿಲ್ಲವೇ — ಹೊರಗೆ ಬಸ್ಸುಗಳು ಕೂಗುತ್ತಿವೆ, ಮಾನ್ವಿ ಮಾನ್ವಿ, ಸಿಂಧನೂರು, ಏಳಬೇಕು, ಕಾರ್ಡು ಇನ್ನೂ ಕೈಯಲ್ಲೇ ಇದೆ, ಹೆಬ್ಬೆರಳು ಆ ಸಣ್ಣ ಮುಖದ ಮೇಲೆ, ಎಂಥ ಬೆರಳಿದು, ಗೆರೆ ಇದೆ, ಸುಳಿ ಇದೆ, ಯಾವ ಮಷೀನಿಗೂ ಬೇಡ, ಅವಕ್ಕೆ ಬೇಕಾದ ಬೆರಳು ಚೀಕಲಪರ್ವಿಯ ದಂಡೆಯಲ್ಲಿವೆ, ಮಣ್ಣೊಳಗೆ, ಒಳಕ್ಕೆ ಮಡಚಿಕೊಂಡು, ಯವ್ವ ಒಂದೊಂದಾಗಿ ಎಳೆಯುತ್ತಾಳೆ, ಕಿರುಬೆರಳು ಹಿಡಿದು ಎಳೆಯುತ್ತಾಳೆ, ಹೆಬ್ಬೆರಳು ಹಿಡಿದು ಎಳೆಯುತ್ತಾಳೆ, ಬಿಸಿನೀರು, ಎಣ್ಣೆ, ಸಂದಿಯಿಂದ ಕರಿಯ ಉಣ್ಣೆ, ತೊಯ್ದ ಉಣ್ಣೆ, ಮುಷ್ಟಿ ಬಿಚ್ಚುವುದಿಲ್ಲ, ಬಿಚ್ಚುವುದಿಲ್ಲ, ಮುಷ್ಟಿ