ನೊರೆ ಇಳಿಯುವ ತನಕ

ಆಸ್ಪತ್ರೆಯಲ್ಲಿ ಅವಳಿಗೆ ಗೋಡೆ ಎಂದು ಅಡ್ಡಹೆಸರು. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ; ಈ ಗೋಡೆಗೆ ಕಿವಿಯೂ ಇದೆ, ಕಣ್ಣೂ ಇದೆ, ಬಾಯಿ ಮಾತ್ರ ಇಲ್ಲ ಎಂದು ನರ್ಸುಗಳು ನಗುತ್ತಿದ್ದರು. ಅದಕ್ಕೇ ಅವಳಿಗೆ ಆ ಕೆಲಸ ಸಿಕ್ಕಿದ್ದು. ನೆಲಮಹಡಿಯ ಪುಟ್ಟ ಕೋಣೆಯಲ್ಲಿ ಕೂತು ಅವಳು ಡ್ರಿಪ್ಪಿನ ಔಷಧಿ ಬೆರೆಸುತ್ತಿದ್ದಳು.

ರಕ್ತಕ್ಕೆ ಸೋಂಕು ಸೇರಿ, ಅದು ಹೃದಯದ ಕವಾಟಕ್ಕೆ ಹತ್ತಿಕೊಂಡವರಿಗೆ ಎರಡು ಆಂಟಿಬಯೋಟಿಕ್‌ಗಳಲ್ಲಿ ಯಾವುದು ಮೇಲು ಎಂಬ ಪರೀಕ್ಷೆ ಅಲ್ಲಿ ನಡೆದಿತ್ತು. ಒಂದು ಬಹುಕಾಲದಿಂದ ಕೊಡುತ್ತಿದ್ದ ಹಳೆಯದು, ಇನ್ನೊಂದು ಹೊಸದು. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತಿತ್ತು. ರೋಗಿಗೆ ಗೊತ್ತಾಗಬಾರದು, ಮನೆಯವರಿಗೆ ಗೊತ್ತಾಗಬಾರದು, ಡಾಕ್ಟರಿಗೂ ಗೊತ್ತಾಗಬಾರದು. ಗೊತ್ತಾಯಿತೋ, ಹೊಸ ಔಷಧಿ ಹೋಗುತ್ತಿರುವವನ ಜ್ವರ ಡಾಕ್ಟರ ಕಣ್ಣಿಗೆ ಸ್ವಲ್ಪ ಕಡಿಮೆಯೇ ಕಾಣುತ್ತದೆ. ಮನುಷ್ಯರ ಬುದ್ಧಿಯೇ ಅಷ್ಟು. ಗೊತ್ತಿದ್ದದ್ದು ಬೆರೆಸುವವಳೊಬ್ಬಳಿಗೆ. ಎರಡು ಬಗೆಯ ಚೀಲಕ್ಕೂ ಒಂದೇ ಥರದ ಕಂದು ಕವರು ತೊಡಿಸಿ ಅವಳು ಮೇಲಿನ ವಾರ್ಡಿಗೆ ಕಳಿಸುತ್ತಿದ್ದಳು.

ಹೀಗಿರುವಾಗ ಅಕ್ಕನ ಗಂಡನೇ ಬಂದು ಆ ವಾರ್ಡಿನಲ್ಲಿ ಮಲಗಿದ. ಭಾವ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು; ಊರಿನ ಅರ್ಧ ಜನಕ್ಕೆ ಕ್ಲಚ್ ಯಾವುದು ಬ್ರೇಕ್ ಯಾವುದು ಎಂದು ಕಿರುಚಿ ಕಿರುಚಿ ಕಲಿಸಿದವನು. ಕಾಲಿನ ಮೇಲೆದ್ದ ಕುರುವನ್ನು "ತಾನಾಗೇ ಒಡೆಯುತ್ತೆ ಬಿಡು" ಎಂದು ಬಿಟ್ಟುಕೊಂಡಿದ್ದ. ಅದು ಹೊರಗೆ ಒಡೆಯುವ ಬದಲು ಒಳಗೆ ನುಗ್ಗಿ ಎದೆಯ ತನಕ ಹೋಗಿತ್ತು. ಮೈ ಕೆಂಡವಾಗಿದ್ದರೂ ನರ್ಸು ಗಾಡಿ ತಳ್ಳಿಕೊಂಡು ಬಂದರೆ "ತಿರುವಲ್ಲಿ ನಿಧಾನ" ಎನ್ನುವುದನ್ನು ಬಿಟ್ಟಿರಲಿಲ್ಲ.

ಅವಳು ಅಂದೇ ದೊಡ್ಡ ಡಾಕ್ಟರ ಬಳಿ ಹೋಗಿ, ಇವರು ನಮ್ಮ ಭಾವ ಎಂದು ಹೇಳಿದಳು.

"ಚೀಟಿ ಎತ್ತೋದು ಕಂಪ್ಯೂಟರ್, ನೀವಲ್ಲವಲ್ಲ," ಎಂದರು ಡಾಕ್ಟರು. "ಬೆರೆಸೋ ಇನ್ನೊಬ್ಬರು ಹೆರಿಗೆ ರಜೆ ಮೇಲಿದಾರೆ. ನೀವು ವಾರ್ಡಿನ ಕಡೆ ಮಾತ್ರ ಹೋಗ್ಬೇಡಿ."

ಅವಳು ವಾರ್ಡಿಗೆ ಹೋಗದಿದ್ದರೆ ಏನಾಯಿತು, ಅಕ್ಕ ಕ್ಯಾಂಟೀನಿಗೆ ಬಂದಳು.

"ಹೊಸದಾ, ಹಳೇದಾ? ಹೇಳೇ."

"ಹೇಳೋ ಹಾಗಿಲ್ಲ ಅಕ್ಕ."

"ಬಾಯಿ ಬಿಡಬೇಡ. ಹೊಸದಾದ್ರೆ ಸುಮ್ನೆ ಟೀ ಕುಡಿ, ಸಾಕು."

ಕುಡಿದರೆ ಹೊಸದು, ಬಿಟ್ಟರೆ ಹಳೆಯದು. ಅತ್ತ ದರಿ, ಇತ್ತ ಪುಲಿ. ಅವಳು ಲೋಟವನ್ನು ಅಕ್ಕನ ಕಡೆಗೇ ತಳ್ಳಿದಳು.

"ಹೊಸದೇ ಒಳ್ಳೇದು ಅಂತ ಯಾರು ಹೇಳಿದ್ರು ನಿಂಗೆ? ಅದು ಗೊತ್ತಿದ್ರೆ ಈ ಪರೀಕ್ಷೆ ಯಾಕೆ ಮಾಡ್ತಿದ್ರು?"

"ಗಂಡ ಹಾಸಿಗೆ ಹಿಡಿದಿರೋಳಿಗೆ ಪಾಠ ಹೇಳ್ತೀಯಾ? ನಿನ್ನ ಎತ್ತಿ ಆಡಿಸಿದ ಕೈ ಕಣೇ ಇದು. ಹೋಗು, ಇನ್ನು ನಾನು ನಿನ್ನ ಅಕ್ಕ ಅಲ್ಲ."

ಗೋಡೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತಳು. ಆಮೇಲೆ ಕೈ ತೊಳೆದು ಕೈಗವಸು ಹಾಕಿಕೊಂಡಳು.

ಭಾವನ ಪಾಲಿಗೆ ಬಂದದ್ದು ಹಳೆಯದು. ಅದಕ್ಕೊಂದು ಚಾಳಿ ಇತ್ತು. ಪುಡಿಯ ಸೀಸೆಗೆ ನೀರು ಬಿಟ್ಟರೆ ಸಾಕು, ಸೋಪಿನ ನೀರಿನ ಹಾಗೆ ನೊರೆ ಎದ್ದು ಕೂರುತ್ತಿತ್ತು. ಕುಲುಕುವ ಹಾಗಿಲ್ಲ, ಮೆಲ್ಲಗೆ ಹೊರಳಿಸಿ, ನೊರೆ ಇಳಿಯುವ ತನಕ ಕೈ ಕಟ್ಟಿ ಕಾಯಬೇಕು. ಹೊಸದು ಹಾಗಲ್ಲ, ಸಕ್ಕರೆಯಂತೆ ಕರಗುತ್ತಿತ್ತು. ರೋಗಿಯನ್ನು ಕಾಯಿಸಬಾರದು ಎಂದು ಕಲಿತವಳು ಅವಳು. ಆದ ಚೀಲವನ್ನು ಆದ ಹಾಗೆ ಮೇಲೆ ಕಳಿಸಿಬಿಡುತ್ತಿದ್ದಳು.

ಒಂದು ದಿನ ಅಕ್ಕ ಬಿಸ್ಕತ್ತಿನ ಪೊಟ್ಟಣ ಹಿಡಿದು ಕ್ಯಾಂಟೀನಿಗೆ ಬಂದಳು. ಮುಖ ಅರಳಿತ್ತು.

"ನೀನು ಹೇಳದಿದ್ರೆ ಏನು, ನಂಗೆ ಗೊತ್ತಾಯ್ತು. ಎದುರು ಮಂಚದ ವೆಲ್ಡರ್‌ಗೆ ಚೀಲ ಬೇಗ ಬರುತ್ತೆ, ನಮ್ಮೋರಿಗೆ ದಿನಾ ತಡ. ಹೊಸ ಔಷಧಿ ಮಾಡೋದು ಕಷ್ಟ ತಾನೇ? ಅದಕ್ಕೇ ತಡ."

ಗೋಡೆಗೆ ಆಗ ತನ್ನ ತಪ್ಪು ಹೊಳೆಯಿತು. ಮುಖ ಅಲ್ಲಾಡಲಿಲ್ಲ. ಚೀಲಕ್ಕೆ ಕವರು ತೊಡಿಸಿದ್ದಳು, ಗಡಿಯಾರಕ್ಕೆ ತೊಡಿಸಿರಲಿಲ್ಲ. ಆ ಕ್ಷಣವೇ ಎದ್ದು ಡಾಕ್ಟರಿಗೆ ಹೇಳಬೇಕಾಗಿತ್ತು. ಆದರೆ ಅಕ್ಕ ಬೆನ್ನು ಸವರುತ್ತಿದ್ದಳು, ಬಿಸ್ಕತ್ತು ತಿನ್ನು ಎನ್ನುತ್ತಿದ್ದಳು, ಮತ್ತೆ ಅಕ್ಕನಾಗಿದ್ದಳು. ಅವಳಿಗೆ ಹಿತವಾಯಿತು. ನಾಳೆ ಹೇಳಿದರಾಯಿತು ಎಂದುಕೊಂಡಳು.

ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ಹಾಳಾಗಲು ಹೊರಟದ್ದು ಬೇರೆಯವರ ಮನೆ. ಬೆಳಿಗ್ಗೆ ವಾರ್ಡಿನ ನರ್ಸು ಏದುಸಿರು ಬಿಡುತ್ತಾ ಇಳಿದು ಬಂದಳು.

"ವೆಲ್ಡರ್‌ನ ಅಮ್ಮ ಮಗನ್ನ ಬಿಡಿಸ್ಕೊಂಡು ಹೋಗ್ತಾರಂತೆ. ಬಡವರು ಅಂತ ನಮಗೆ ಹಳೇದು ಹಾಕ್ತೀರಾ ಅಂತ ಒಂದೇ ಕೂಗಾಟ. ಚೀಲದ ಲೆಕ್ಕ ಹೇಳಿಕೊಟ್ಟಿದ್ದು ನಿಮ್ಮಕ್ಕನಂತೆ."

ಕವಾಟದ ಸೋಂಕು ಹೊತ್ತು ಅರ್ಧ ಔಷಧಿಗೇ ಎದ್ದು ಹೋದವನ ಆಸೆ ಬಿಟ್ಟ ಹಾಗೆಯೇ. ಆ ಹುಡುಗನಿಗೆ ಹೋಗುತ್ತಿದ್ದದ್ದೋ, ಅವನ ತಾಯಿ ಬೇಕು ಬೇಕು ಎನ್ನುತ್ತಿದ್ದ ಹೊಸದೇ. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ನೆಟ್ಟಗೆ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಒಪ್ಪಿಕೊಂಡಳು, ನಿನ್ನೆಯೇ ಗೊತ್ತಾಗಿತ್ತು ಎಂಬುದನ್ನೂ.

"ಎಲ್ಲಾ ಬಿಟ್ಟು ನೀವೇನ್ರೀ ಹೀಗೆ ಮಾಡೋದು?" ಎಂದರು ಡಾಕ್ಟರು. ಬೈಗುಳ ಆಮೇಲೂ ಸ್ವಲ್ಪ ಹೊತ್ತು ನಡೆಯಿತು. ಇನ್ನು ಮೇಲೆ ಎಲ್ಲ ಚೀಲಗಳೂ ನೊರೆ ಇಳಿಯುವ ತನಕ ಕಾದು, ಒಂದೇ ತಟ್ಟೆಯಲ್ಲಿ ಒಟ್ಟಿಗೆ ಮೇಲೆ ಹೋಗಬೇಕು ಎಂದಾಯಿತು.

ಅವಳು ಅಕ್ಕನನ್ನು ಮೆಟ್ಟಿಲ ಬಳಿಗೆ ಕರೆಸಿದಳು.

"ಚೀಲ ಹಿಂದೆ ಮುಂದೆ ಬರ್ತಿದ್ದದ್ದು ನನ್ನ ತಪ್ಪು. ಇವತ್ತಿಂದ ಎಲ್ಲಾ ಒಟ್ಟಿಗೇ ಬರುತ್ತೆ. ಅಕ್ಕ, ಆ ಹುಡುಗ ಈಗ ಎದ್ದು ಹೋದ್ರೆ ಉಳಿಯಲ್ಲ."

"ಅಂದ್ರೆ ನನ್ನ ಲೆಕ್ಕ ಸುಳ್ಳಾ?"

ಅಕ್ಕ ತಂಗಿಯ ಮುಖವನ್ನು ನೋಡಿದಳು, ಗೋಡೆಯನ್ನು ನೋಡಿದ ಹಾಗಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲು ಹತ್ತಿದಳು.

ಮೇಲೆ ನಡೆದದ್ದನ್ನು ನರ್ಸು ಬಂದು ಹೇಳಿದಳು. ವೆಲ್ಡರ್‌ನ ತಾಯಿ ಬಟ್ಟೆಬರೆಯ ಗಂಟು ಕಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳಂತೆ. ಅಕ್ಕ ಹೋಗಿ ಅವಳ ಕೈ ಹಿಡಿದುಕೊಂಡಳಂತೆ.

"ನಂಗೇನೂ ಗೊತ್ತಿಲ್ಲ ಕಣಮ್ಮ. ಗಂಡನ ಚಿಂತೇಲಿ ಬಾಯಿಗೆ ಬಂದದ್ದು ಆಡಿಬಿಟ್ಟೆ. ಹಳೇದು ನಮ್ಮೋರಿಗೇ ಹೋಗ್ತಿರಬಹುದು. ಆದ್ರೂ ನಾನು ಬಿಡಿಸ್ಕೊಂಡು ಹೋಗ್ತಿಲ್ಲ ನೋಡು."

ತಾಯಿ ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳಂತೆ. ಅಷ್ಟರಲ್ಲಿ ಚೀಲಗಳೆಲ್ಲ ಒಂದೇ ತಟ್ಟೆಯಲ್ಲಿ ಬಂದವು. ಅದನ್ನು ಕಂಡ ಮೇಲೆ ಅವಳು ಗಂಟು ಬಿಚ್ಚಿದಳಂತೆ.

ಸಂಜೆ ಅಕ್ಕ ತಂಗಿ ಕ್ಯಾಂಟೀನಿನಲ್ಲಿ ಎದುರುಬದುರು ಕೂತರು. ಭಾವನ ಜ್ವರ ಇಳಿದಿರಲಿಲ್ಲ. ವೆಲ್ಡರ್‌ನದೂ ಇಳಿದಿರಲಿಲ್ಲ. ಇದ್ದ ಒಂದು ಧೈರ್ಯವನ್ನೂ ಕೈಯಾರೆ ಕಳೆದುಕೊಂಡು ಬಂದ ಅಕ್ಕನ ಕಣ್ಣು ಗುಳಿಬಿದ್ದಿತ್ತು. ಅದನ್ನು ನೋಡಲಾಗಲಿಲ್ಲ ತಂಗಿಗೆ. ಕೆಲಸ ಹೋದರೆ ಹೋಗಲಿ, ಇವಳಿಗೆ ಹೇಳಿಬಿಡೋಣ ಎಂದು ಮೊದಲ ಸಲ ಅನ್ನಿಸಿತು.

"ಅಕ್ಕ..." ಎಂದಳು.

"ಹೇಳ್ಬೇಡ," ಎಂದಳು ಅಕ್ಕ. "ಹೇಳಿದ್ರೆ ನಾಳೆ ಆ ತಾಯಿ ಮುಖ ನೋಡೋಕಾಗಲ್ಲ ನಂಗೆ."

ಆಮೇಲೆ ತನ್ನ ಮುಂದಿದ್ದ ಟೀ ಲೋಟವನ್ನು ತಂಗಿಯ ಕಡೆಗೆ ತಳ್ಳಿದಳು.

"ಕುಡಿ. ಇವತ್ತು ಇದಕ್ಕೇನೂ ಅರ್ಥ ಇಲ್ಲ."

ತಂಗಿ ಕುಡಿದಳು. ಟೀ ಆರಿಹೋಗಿತ್ತು.